ಎಲ್ಲಿ ಸಿಕ್ಕೊಂಡಿ?

ಕುಂದಗೋಳದ ಡಿಗ್ರಿ ಕಾಲೇಜಿನಲ್ಲಿ ನಮಗೆ ಪ್ರಾಜೆಕ್ಟ್ ಮಾಡಿಸುತ್ತಿದ್ದ ಮೇಡಂಗೆ ಅಂಜಿದಷ್ಟು ನಾವು ಪರೀಕ್ಷೆಗೂ ಅಂಜುತ್ತಿರಲಿಲ್ಲ. ಅವರೇನೂ ಬೈಯುತ್ತಿರಲಿಲ್ಲ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ದಿನಾ ಲೆಕ್ಕ ಕೇಳುವುದಕ್ಕೆ ಅಜೈಲ್ ಅನ್ನುತ್ತಾರಲ್ಲ, ಆ ಪದ್ಧತಿಯಂತೆ ದಿನಾ ಮುಂಜಾನೆ ಗೋಡೆಯ ಮುಂದೆ ನಿಲ್ಲಿಸುತ್ತಿದ್ದರು. ಗೋಡೆಯ ಮೇಲೆ ಮೂರು ಕಾಲಂ: ಮಾಡೋದೈತಿ, ನಡದೈತಿ, ಮುಗೀತು. ನಮ್ಮ ಕೆಲಸದ ಚೀಟಿಯನ್ನು ನಾವೇ ಸರಿಸಬೇಕು. ಆಮೇಲೆ ಅಂಗೈಗಳ ನಡುವೆ ಚಾಕ್‌ಪೀಸ್ ಹೊರಳಿಸುತ್ತ ಒಬ್ಬೊಬ್ಬರನ್ನೇ ಕೇಳುವರು: "ಎಲ್ಲಿ ಸಿಕ್ಕೊಂಡಿ?" ಉತ್ತರ ಬರುವತನಕ ಆ ಚಾಕ್‌ಪೀಸ್ ನಿಲ್ಲುತ್ತಿರಲಿಲ್ಲ.

ಹತ್ತಿರದ ಹಳ್ಳಿ ಯರಗುಪ್ಪಿಯ ಹತ್ತು ಮನೆಗಳಲ್ಲಿ ಕುಡಿಯುವ ನೀರಿನ ಬಗ್ಗೆ ಕೇಳಿ ಬರೆದುಕೊಂಡು ಬರುವುದು ನನ್ನ ಕೆಲಸ. ಒಂದು ಮನೆಗೂ ಹೋಗದೆ ಚೀಟಿಯನ್ನು 'ಮುಗೀತು' ಕಡೆ ಅಂಟಿಸಿದೆ.

"ಛಲೋ ಆತು. ನೀ ಬರಕೊಂಡಿದ್ದನ್ನ ನಾಳೆ ಆ ಮಂದೀಗೇ ತೋರಿಸಿ ಬರೂಣು," ಎಂದರು ಮೇಡಂ.

ಮರುದಿನ ಖಾಲಿ ನೋಟ್‌ಬುಕ್ ಹಿಡಿದುಕೊಂಡು ಮೇಡಂ ಜೊತೆ ಯರಗುಪ್ಪಿಯ ಬಸ್ಸು ಹತ್ತಿದೆ. ಮೊದಲ ಮನೆಯ ಅಜ್ಜಿ ನನ್ನನ್ನು ದಿಟ್ಟಿಸಿ, "ಈ ಹುಡುಗಿ ಯಾರ್ರೀ? ನಾ ನೋಡೇ ಇಲ್ಲ," ಎಂದಳು.

ಮೇಡಂ ನನ್ನತ್ತ ತಿರುಗಲಿಲ್ಲ. ಖಾಲಿ ಅಂಗೈಗಳನ್ನೇ ಉಜ್ಜುತ್ತ ಕೇಳಿದರು, "ಎಲ್ಲಿ ಸಿಕ್ಕೊಂಡಿ?"

"ಕದಾ ಬಡಿಯಾಕ ಅಂಜಿಕಿ ಬಂತ್ರೀ."

"ಮುಂದಿನ ಮನಿ ಕದಾ ನೀನ ಬಡಿ. ನಾ ಬಾಜೂಕ ನಿಂತಿರ್ತೀನಿ."

ಈಗ ನಾನೂ ಪಾಠ ಮಾಡುತ್ತೇನೆ. ಚೀಟಿಗಳೆಲ್ಲ 'ಮುಗೀತು' ಕಡೆ ಸೇರಿದ ಮುಂಜಾನೆ ನನಗೇ ಅಂಜಿಕೆಯಾಗುತ್ತದೆ: ಇವರಲ್ಲಿ ಯಾರು ಕದ ಬಡಿಯದೇ ಬಂದರೋ?