ಕೊನೆಯ ಫೋಲ್ಡರ್ ಮೊದಲು

ವೈದ್ಯ ವಿದ್ಯೆಯ ಗಂಧಗಾಳಿ ಇಲ್ಲದಿದ್ದರೂ ಬೀದಿಯವರ ಬಾಯಲ್ಲಿ ಅವರು ಡಾಕ್ಟ್ರಮ್ಮ. ಮಹಡಿ ಮೆಟ್ಟಿಲ ಕೆಳಗಿನ ಅವರ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿಯಬೇಕು. ಕೆಟ್ಟ ಹಾರ್ಡ್ ಡಿಸ್ಕ್‌ಗಳಿಂದ ಜನರ ಫೋಟೊ, ಪತ್ರಗಳನ್ನು ಈಚೆ ತೆಗೆದುಕೊಡುವುದು ಹದಿನಾರು ವರ್ಷದ ಕಸುಬು. ಕೈಗುಣ ಒಳ್ಳೆಯದು, ಬಾಯಿ ಮಾತ್ರ ಸ್ವಲ್ಪ ಜೋರು. ಡಿಸ್ಕ್ ತಂದವರಿಗೆ ಮೊದಲು ಬೈಗುಳ, ಆಮೇಲೆ ಚಿಕಿತ್ಸೆ. ಬೈಸಿಕೊಂಡು ಹೋದವರೇ ಮತ್ತೆ ತಮ್ಮ ನೆಂಟರನ್ನು ಕರೆತರುತ್ತಿದ್ದರು.

ಆ ಬೆಳಿಗ್ಗೆ ಬಂದದ್ದು ಪ್ಲಂಬರ್ ಅಣ್ಣ, ಜೊತೆಗೆ ಅವರ ಹೆಂಡತಿ. ಡಾಕ್ಟ್ರಮ್ಮನಿಗೆ ಹಳೆಯ ಪರಿಚಯದವರು, ಅಣ್ಣ, ಅಕ್ಕ ಎಂದೇ ಕರೆಯುತ್ತಿದ್ದುದು. ಅರವತ್ತು ದಾಟಿದ ಅಣ್ಣನದು ಒಂದು ಪದ್ಧತಿ. ಗೋಡೆಯೊಳಗೆ ಪೈಪು ಕೂರಿಸಿದ ಮೇಲೆ, ಸಿಮೆಂಟು ಮೆತ್ತುವ ಮೊದಲು, ಪಕ್ಕಕ್ಕೆ ಅಳತೆ ಟೇಪು ಹಿಡಿದು ಒಂದು ಫೋಟೊ ತೆಗೆದಿಡುವುದು. ಮುಂದೆ ಸೋರಿದರೆ ಗೋಡೆಯನ್ನೆಲ್ಲ ಒಡೆಯಬೇಕಿಲ್ಲ. ಇಪ್ಪತ್ತು ವರ್ಷದ ಗೋಡೆಗಳೆಲ್ಲ ಅಂಗೈಯಗಲದ ಒಂದು ಡಿಸ್ಕಿನಲ್ಲಿದ್ದವು.

“ಎರಡು ದಿನದಿಂದ ಟಕ್ ಟಕ್ ಅಂತಿದೆ,” ಎಂದರು ಅಣ್ಣ.

“ನೀವೇನು ಮಾಡಿದ್ರಿ?”

“ಏನಿಲ್ಲ. ಸ್ಪ್ಯಾನರ್ ಹಿಡೀಲಿ ಮೆತ್ತಗೆ ಎರಡು ಏಟು ಕೊಟ್ಟೆ. ಜಾಮ್ ಆಗಿರೋ ವಾಲ್ವು ಹಾಗೇ ಬಿಡೋದು.”

ಡಾಕ್ಟ್ರಮ್ಮ ಹಣೆ ಚಚ್ಚಿಕೊಂಡರು. “ಅಣ್ಣಾ, ಇದರೊಳಗೆ ಗಾಜಿನಂಥ ತಟ್ಟೆ ತಿರುಗ್ತಿರುತ್ತೆ. ಕೂದಲೆಳೆಯಷ್ಟೂ ಜಾಗ ಇಲ್ಲದೆ ಅದರ ಮೇಲೊಂದು ಮುಳ್ಳು ಓಡಾಡ್ತಿರುತ್ತೆ. ಅದಕ್ಕೆ ಸ್ಪ್ಯಾನರ್ ಏಟಾ?”

“ಮೆತ್ತಗೆ,” ಎಂದರು ಅಣ್ಣ.

“ನಾನು ಬೇಡ ಅಂದೆ, ಕೇಳಿದ್ರೆ ತಾನೇ,” ಎಂದರು ಅಕ್ಕ.

ಡಾಕ್ಟ್ರಮ್ಮ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿ ಪರೀಕ್ಷೆಗೆ ಹಚ್ಚಿದರು. ಓದಲಾಗದ ಜಾಗಗಳ ಎಣಿಕೆ ನಾನೂರರಿಂದ ಶುರುವಾಗಿ ನೋಡನೋಡುತ್ತಿದ್ದಂತೆ ಆರುನೂರು ದಾಟಿತು. ಡಾಕ್ಟ್ರಮ್ಮ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು. ಈ ಸ್ಥಿತಿಯ ಡಿಸ್ಕಿಗೆ ಪರೀಕ್ಷೆಯೂ ಆಯಾಸವೇ.

“ಇದು ಎಷ್ಟು ಹೊತ್ತು ತಡೆಯುತ್ತೋ ಹೇಳೋಕಾಗಲ್ಲ. ಯಾವುದು ಮೊದಲು ಬೇಕು ಹೇಳಿ, ಅದನ್ನೇ ಮೊದಲು ಎಳೀತೀನಿ.”

ಅಣ್ಣ ಹೆಂಡತಿಯ ಕಡೆ ತಿರುಗಿದರು. “ಇವಳೇ, ಎದುರುಗಡೆ ಟೀ ಸಿಗುತ್ತೆ. ಮೂರು ತಗೊಂಡು ಬಾ.”

ಅಕ್ಕ ರಸ್ತೆ ದಾಟಿದ ಮೇಲೆ ಅಣ್ಣ ದನಿ ತಗ್ಗಿಸಿದರು. “ಕೊನೇ ಫೋಲ್ಡರ್ ಮೊದಲು ತೆಗಿಯಮ್ಮ. ಪೈಪು ಆಮೇಲೆ.”

“ಅದರಲ್ಲೇನಿದೆ?”

“ಜನ. ಒಂದು ವರ್ಷದಿಂದ ಹೆಸರುಗಳು ತಲೇಲಿ ನಿಲ್ತಿಲ್ಲ. ಮರೆವಿನ ಕಾಯಿಲೆ ಅಂದ್ರು ಆಸ್ಪತ್ರೇಲಿ. ನೆನಪಿದ್ದಾಗಲೇ ಒಬ್ಬೊಬ್ಬರ ಫೋಟೊ ತೆಗೆದು, ಅದರ ಮೇಲೇ ಹೆಸರು ಬರೆದಿಟ್ಟೆ. ಮಗಳು, ಅಳಿಯ, ಮೊಮ್ಮಗ, ಇವಳು. ದಿನಾ ಬೆಳಿಗ್ಗೆ ಅದನ್ನ ನೋಡ್ಕೊಂಡೇ ಮನೆ ಬಿಡೋದು.”

“ಅಕ್ಕನಿಗೆ ಗೊತ್ತಾ?”

“ಇಲ್ಲ. ಮದುವೆಯಾದಾಗಿಂದ ‘ಇವಳೇ’ ಅಂತಲೇ ಕರ್ಕೊಂಡು ಬಂದಿದ್ದೀನಿ, ಅದಕ್ಕೇ ಸಿಕ್ಕಿಬಿದ್ದಿಲ್ಲ.” ಅಣ್ಣ ನಕ್ಕರು. ನಗು ಬೇಗ ಮುಗಿಯಿತು. “ಇವತ್ತು ಎದ್ದಾಗಿಂದ ಇವಳ ಹೆಸರು ತಡಕ್ತಾ ಇದ್ದೀನಿ, ಸಿಗ್ತಿಲ್ಲಮ್ಮ. ಫೋನಲ್ಲಿ ಇವಳ ನಂಬರ್ ನೋಡಿದ್ರೆ ‘ಮನೆ’ ಅಂತಿದೆ. ಕಾಗದಪತ್ರ ಬೀರೂಲಿವೆ, ಬೀಗದ ಕೈ ಅವಳ ಹತ್ರ.”

 ಆ ಸ್ಪ್ಯಾನರ್ ವಿಷಯಕ್ಕೆ ಅಷ್ಟು ಬೈಯಬಾರದಿತ್ತು ಅನ್ನಿಸಿತು ಡಾಕ್ಟ್ರಮ್ಮನಿಗೆ.

ಡಿಸ್ಕನ್ನು ಫ್ಯಾನಿನ ಮುಂದಿಟ್ಟು ಕೆಲಸಕ್ಕೆ ಕೂತರು. ಸಲೀಸಾಗಿ ಬರುವ ಫೋಟೊಗಳು ಮೊದಲು, ಹಟ ಮಾಡುವವು ಕೊನೆಗೆ. ಟಕ್ ಎಂದಾಗಲೆಲ್ಲ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಶುರು. ಅಕ್ಕ ಟೀ ತಂದುಕೊಟ್ಟು, ಒಳಗೆ ಜಾಗವಿಲ್ಲವೆಂದು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಕೂತರು. ಒಳಗಿದ್ದ ಇಬ್ಬರ ಟೀಯೂ ಆರಿಹೋಯಿತು. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದರಲ್ಲಿ ನಲವತ್ತು ಫೋಟೊ ಬಂದವು. ಉಳಿದ ಒಂದಕ್ಕೆ ಡಾಕ್ಟ್ರಮ್ಮ ಆರು ಸಲ ಪ್ರಯತ್ನಿಸಿದರು. ಆರನೆಯ ಸಲ ಡಿಸ್ಕ್ ತಿರುಗುವುದನ್ನೇ ನಿಲ್ಲಿಸಿತು.

ಅಣ್ಣ ನಲವತ್ತನ್ನೂ ಒಂದೊಂದಾಗಿ ನೋಡಿದರು. ಮಗಳಿದ್ದಳು, ಮೊಮ್ಮಗನಿದ್ದ, ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಷಡ್ಡಕನೂ ಯಾವುದೋ ಹಳೆಯ ಫೋಟೊದಲ್ಲಿ ಹಲ್ಲು ಕಿರಿಯುತ್ತಾ ಕೂತಿದ್ದ. ಹೆಂಡತಿ ಮಾತ್ರ ಇರಲಿಲ್ಲ.

“ನನ್ನ ಕೈಲಾಗ್ಲಿಲ್ಲ ಅಣ್ಣಾ,” ಎಂದರು ಡಾಕ್ಟ್ರಮ್ಮ. “ಗೋಡೆಗಳೂ ಹೋದವು.”

“ಗೋಡೆ ಆದ್ರೆ ಒಡೆದು ನೋಡ್ಬಹುದು ಬಿಡು.”

 ಅಣ್ಣ ಫೋನು ಹಿಡಿದು ಬಾಗಿಲಿಗೆ ಹೋದರು. “ಇವಳೇ, ಸ್ವಲ್ಪ ಈ ಕಡೆ ತಿರುಗು. ಒಂದು ಫೋಟೊ.”

ಫೋಟೊ ಬಂತು. ಹೆಸರು ಬರೆಯಬೇಕಾದಲ್ಲಿ ಅಣ್ಣನ ಬೆರಳು ನಿಂತುಬಿಟ್ಟಿತು. ಅವರು ತಿರುಗಿ ಡಾಕ್ಟ್ರಮ್ಮನ ಮುಖ ನೋಡಿದರು. ಡಾಕ್ಟ್ರಮ್ಮನಿಗೂ ಗೊತ್ತಿರಲಿಲ್ಲ, ಇಷ್ಟು ವರ್ಷದ ಪರಿಚಯದಲ್ಲಿ ಅವರೂ ಬರೀ ಅಕ್ಕ ಎಂದೇ ಕರೆದವರು. ನಾಚಿಕೆಯಿಂದ ತಲೆ ತಗ್ಗಿಸಿದರು.

ಅಕ್ಕ ಎದ್ದು ಗಂಡನ ಪಕ್ಕಕ್ಕೆ ಬಂದು ನಿಂತರು. “ನಾನು ಹೇಳ್ತೀನಿ, ಬರ್ಕೊಳ್ಳಿ,” ಎಂದರು. “ಆಸ್ಪತ್ರೆ ಚೀಟಿ ನಿಮ್ಮ ಜೇಬಲ್ಲೇ ಇತ್ತು, ಬಟ್ಟೆ ಒಗೆಯೋವಾಗ ಸಿಕ್ತು. ನೀವಾಗೇ ಹೇಳ್ಲಿ ಅಂತ ಇಷ್ಟು ದಿನ ಕಾದೆ.”

ಆಮೇಲೆ ನಿಧಾನವಾಗಿ, ಬಿಡಿಸಿ ಬಿಡಿಸಿ, ತಮ್ಮ ಹೆಸರು ಹೇಳಿದರು. ಅಣ್ಣ ಒಂದೊಂದೇ ಅಕ್ಷರ ಒತ್ತಿದರು. ಮುಗಿದ ಮೇಲೆ ಸರಿಯಿದೆಯೋ ಎಂದು ಬಾಯಿಬಿಟ್ಟು ಓದಿದರು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಆ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು.

“ಇನ್ನೊಂದ್ಸಲ ಹೇಳಿ,” ಎಂದರು ಅಕ್ಕ.