ಮಾಣಿಕಮ್ಮನ ಮುಂಜಾನೆಯ ತಲೆ

ದುಬಲಗುಂಡಿಯ ಮಾಣಿಕಮ್ಮನಿಗೆ ದಡ್ಡರನ್ನು ಕಂಡರೆ ಕನಿಕರ. ಜಾಣರೆಂದು ಮೆರೆಯುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. ಊರೂರು ತಿರುಗಿ ಸಂಬಂಧ ಕೂಡಿಸಿದವಳು ಆಕೆ. ಯಾವ ಮನೆಯ ಅತ್ತೆ ಜಗಳಗಂಟಿ, ಯಾವ ವರ ಕುಡುಕ, ಎಲ್ಲ ಅವಳ ತಲೆಯಲ್ಲಿತ್ತು. ಅವಳು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ.

ವಯಸ್ಸಾದಂತೆ ಒಂದು ತೊಂದರೆ ಶುರುವಾಯಿತು. ಮುಂಜಾನೆ ತಲೆ ಕತ್ತಿಯಂತೆ ಹರಿತ. ದೀಪ ಹಚ್ಚುವ ಹೊತ್ತಿಗೆ ಎಲ್ಲ ಕಲಸಿಹೋಗಿ, ಸೊಸೆಯನ್ನು ಸತ್ತ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಮನೆಯವರು ಇದನ್ನು ಮುಚ್ಚಿಟ್ಟರೂ ಹುಡಗಿ ಎಂಬ ಊರಿನ ಮಹಾರುದ್ರಪ್ಪನ ಮೂಗಿಗೆ ವಾಸನೆ ಬಡಿದಿತ್ತು. ಆ ಗೌಡನದು ಹೊಲ ದೊಡ್ಡದು, ಮೀಸೆ ದೊಡ್ಡದು, ಮನಸ್ಸು ಮಾತ್ರ ಜೋಳದ ಕಾಳಿನಷ್ಟು.

1974ರ ಮಾಘ ಮಾಸ. ಒಂದು ಸಂಜೆ ಅವನು ಜೀಪು ಕಳಿಸಿ ಮಾಣಿಕಮ್ಮನನ್ನು ಬಸವಕಲ್ಯಾಣಕ್ಕೆ, ಬಟ್ಟೆ ಅಂಗಡಿಯ ಬಸವಣಪ್ಪನ ಮನೆಗೆ ಕರೆಸಿದ. ತನ್ನ ಮಗ ಜ್ಞಾನೇಶ್ವರನಿಗೆ ಬಸವಣಪ್ಪನ ಮಗಳನ್ನು ತರುವ ಮಾತು ನಡೆದಿತ್ತು.

“ಆಯೀ, ಹುಡುಗನ ಮೊದಲನೇ ಹೆಂಡ್ತಿ ಕಸ್ತೂರಿಬಾಯಿ ನಿಮ್ಮೂರಾಕಿ. ತೀರಿಕೊಂಡಾಳಂತ, ಖರೇ ಏನ್ರಿ?” ಎಂದು ಬಸವಣಪ್ಪ ಕೇಳಿದ.

ಹೆಸರು ಕೇಳಿದಂತಿತ್ತು, ಯಾರೆಂದು ಹೊಳೆಯಲಿಲ್ಲ. ಗೊತ್ತಿಲ್ಲ ಎನ್ನಲು ಗರ್ವ ಬಿಡಲಿಲ್ಲ. ತಂಗಿಯ ಸಾವು ಕಣ್ಣ ಮುಂದೆ ಬಂತು. “ಹೌದಪ್ಪಾ, ನನ್ನ ತೊಡಿ ಮ್ಯಾಲೇ ಜೀವ ಬಿಟ್ಟಳು,” ಎಂದುಬಿಟ್ಟಳು. ಮಹಾರುದ್ರಪ್ಪ ಕಣ್ಣೊರೆಸಿಕೊಂಡ, ಒಣ ಕಣ್ಣನ್ನೇ. ಮರುದಿನ ನಿಶ್ಚಯವೆಂದಾಯಿತು. ಗಂಡಿನವರು ಬಸವಕಲ್ಯಾಣದಲ್ಲೇ ಉಳಿದರು. ಜೀಪು ಅವಳನ್ನು ಮನೆಗೆ ಬಿಟ್ಟಿತು.

ಕೋಳಿ ಕೂಗುವಾಗ ತಲೆ ತಿಳಿಯಾಗಿ ಎದ್ದು ಕೂತಳು. ಕಸ್ತೂರಿಬಾಯಿ ಸತ್ತಿರಲಿಲ್ಲ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ತವರಿಗೆ ಅಟ್ಟಿದ್ದರು. ಹಿಂದಿನ ಓಣಿಯಲ್ಲೇ ಇದ್ದಳು. ಮಾಣಿಕಮ್ಮ ಥೂ ಎಂದು ಮೊದಲು ತನಗೇ ಉಗಿದುಕೊಂಡು, ಅವಳ ಬಾಗಿಲು ಬಡಿದಳು.

“ನಾ ಯಾಕ ಬರ್ಲಿ ಆಯಿ? ಆ ಮನಿ ಹೆಸರು ಕೇಳಿದ್ರ ಹೇಸಿಗಿ ಬರ್ತದ,” ಎಂದಳು ಕಸ್ತೂರಿಬಾಯಿ.

“ನೀ ಸತ್ತೀದಿ ಅಂತ ನಿನ್ನಿ ನಾನೇ ಹೇಳಿ ಬಂದೀನಿ. ಜರಾ ಬಂದು ಮಾರಿ ತೋರ್ಸವ್ವಾ.”

ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ಇಬ್ಬರೂ ಬಸವಣಪ್ಪನ ಮನೆ ಸೇರಿದಾಗ ಮಹಾರುದ್ರಪ್ಪ ಹೊಸ ರುಮಾಲು ಸುತ್ತಿಕೊಂಡು ಚಹಾ ಕುಡಿಯುತ್ತಿದ್ದ.

“ಇಕಿ ನೋಡ್ರಿ, ಸತ್ತಾಕಿ,” ಎಂದಳು ಮಾಣಿಕಮ್ಮ.

“ಮುದುಕಿಗಿ ಅರಳು ಮರಳು. ಯಾರನ್ನೋ ಹಿಡಕೊಂಡು ಬಂದಾಳ,” ಎಂದ ಮಹಾರುದ್ರಪ್ಪ.

ಕಸ್ತೂರಿಬಾಯಿ ಅಪ್ಪನ ಪಕ್ಕದಲ್ಲಿ ಕೂತಿದ್ದ ಗಂಡ ಜ್ಞಾನೇಶ್ವರನತ್ತ ತಿರುಗಿದಳು. “ಯಾಕ್ರಿ, ಗುರ್ತು ಸಿಗಲಿಲ್ಲೇನು?”

ಮೂವತ್ತು ದಾಟಿದ ಆ ಗಂಡಸು ಅಪ್ಪನ ಮುಖ ನೋಡಿ, “ಏನ್ ಅನ್ಲಿ ಅಪ್ಪಾ?” ಎಂದ.

ಅಷ್ಟು ಸಾಕಾಯಿತು. ಬಸವಣಪ್ಪ ಗಂಡಿನವರಿಗೆ ಬಾಗಿಲು ತೋರಿಸಿದ. ಆಮೇಲೆ ಮುದುಕಿಯನ್ನು ಕೇಳಿದ: “ನಿನ್ನಿ ಯಾಕ ಹಂಗಂದ್ರಿ ಆಯಿ?”

ಗರ್ವ ನುಂಗಿಕೊಂಡು ಹೇಳಿದಳು: “ಹೊತ್ತು ಮುಣಗಿದ ಮ್ಯಾಲ ನನ್ನ ತಲಿ ನಡ್ಯಂಗಿಲ್ಲಪ್ಪಾ. ಈ ಗೌಡಗ ಅದು ಗೊತ್ತಿತ್ತು, ಅದಕ್ಕೇ ಸಂಜಿಗಿ ಕರ್ಸಿದ. ನನಗ ಸಂಜಿಗಷ್ಟೇ ಮಬ್ಬು. ಇವಗ ಹಗಲೆಲ್ಲಾ.”

ಸಂಜೆಯ ಮಬ್ಬಿನ ಸುದ್ದಿ ಹಬ್ಬಿ, ಅವಳ ಬಳಿ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ತನ್ನ ಮುಂಜಾನೆಯ ತಲೆಗೆ ಹೆದರುವ ಬೀಗರು ಬರದಿದ್ದರೇ ಒಳ್ಳೆಯದೆಂದು ಅವಳು ತುಟಿ ಸೊಟ್ಟ ಮಾಡಿದಳು. ಮಾನ ಉಳಿಸಿಕೊಳ್ಳಲು ಮಹಾರುದ್ರಪ್ಪ ಯುಗಾದಿಯ ಹೊತ್ತಿಗೆ ತನ್ನ ಸೊಸೆಯನ್ನು ವಾಪಸ್ ಕರೆದೊಯ್ಯಲು ಅವಳ ತವರಿಗೆ ಬಂದ. ಕಸ್ತೂರಿಬಾಯಿ ಹೊರಗೇ ಬರಲಿಲ್ಲ, ಒಳಗಿನಿಂದಲೇ, “ಸತ್ತಾರ ಮನಿಗಿ ಯಾರ್ ಬಂದೀರಿ?” ಎಂದು ಕೇಳಿದಳು.