ಸಕ್ಕರೆ ಹಂಚಿ ಸೋತ ಆಟ

ಟೀವಿಯಲ್ಲಿ ಒಂದೇ ಚಾನೆಲ್ಲು ಬರುತ್ತಿದ್ದ ಕಾಲ. ಶಿಕಾರಿಪುರದ ನಮ್ಮ ಓಣಿಯಲ್ಲಿ ಹುಡುಗಿಯರ ಆಟವೆಂದರೆ ಕುಂಟಾಬಿಲ್ಲೆ, ಕವಡೆ, ಹೆಚ್ಚೆಂದರೆ ಕೊಕ್ಕೊ. ಅಂಥದ್ದರಲ್ಲಿ ನಮ್ಮ ಗಿರಿಜಕ್ಕ ಹೈಸ್ಕೂಲಿನ ಹಾಕಿ ತಂಡ ಸೇರಿದ್ದಳು. ಮೊಣಕಾಲ ತುಂಬ ಗಾಯ, ಅದರ ಮೇಲೆ ಅವ್ವ ಹಚ್ಚಿದ ಅರಿಶಿನದ ವಾಸನೆ. ಚಿಕ್ಕವಳಾದ ನನಗೆ ಅಕ್ಕನ ಆಟಕ್ಕಿಂತ ಅವಳ ಮುಂದಿನ ಹಲ್ಲುಗಳ ಚಿಂತೆಯೇ ಹೆಚ್ಚು. ಚಿಂತೆ ಮಾಡುವ ಕೆಲಸಕ್ಕೆ ನಾನು ಅಷ್ಟು ಬೇಗ ಸೇರಿದವಳು; ಇನ್ನೂ ನಿವೃತ್ತಿ ಸಿಕ್ಕಿಲ್ಲ.

ನಮ್ಮವರು ಪ್ರತಿ ವರ್ಷ ಸೊರಬದವರ ಕೈಲಿ ಸೋಲುತ್ತಿದ್ದರು. ಸೋಲಲಿ, ಒಂದು ಗೋಲನ್ನೂ ಹೊಡೆದವರಲ್ಲ. ಆ ವರ್ಷ ಊಟಕ್ಕೆ ಕೂತಾಗ ಅಪ್ಪಾಜಿ ಹೇಳಿಯೇಬಿಟ್ಟರು:

"ನೋಡವ್ವ ಗಿರಿಜಾ, ಈ ಸಲ ಒಂದು ಗೋಲಾದ್ರೂ ಹೊಡ್ಕಂಡು ಬಾ. ಇಲ್ಲಾಂದ್ರೆ ಆಟ ಇಲ್ಲಿಗೇ ಬಂದ್. ಮಂದಿ ನಗೋದು ಸಾಕಾಗೇತಿ."

ಅಕ್ಕ ರೊಟ್ಟಿ ಮುರಿಯುತ್ತಲೇ "ಹೊಡಿತೀನಿ" ಅಂದಳು. ಚಿಂತೆ ಮಾಡುವುದು ನನ್ನ ಪಾಲಿಗೆ ಬಂತು.

ಪಂದ್ಯ ಸೊರಬದಲ್ಲಿ. ಬಸ್ಸಿನಲ್ಲಿ ಅರ್ಧ ನಮ್ಮ ಓಣಿಯವರೇ. ಮೈದಾನದ ಬದಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ನಾನು ಅತ್ತ ತಿರುಗಿಯೂ ನೋಡಲಿಲ್ಲ. ಸೊರಬದ ಹುಡುಗಿಯರು ಮೊದಲೇ ಒಂದು ಗೋಲು ಹೊಡೆದಿದ್ದರು. ಇನ್ನೇನು ಮುಗಿಯಿತು ಅನ್ನುವಾಗ ಅಕ್ಕನಿಗೆ ಚೆಂಡು ಸಿಕ್ಕಿತು. ಇಬ್ಬರನ್ನು ದಾಟಿದಳು, ಮೂರನೆಯವಳು ತಾನೇ ಜಾರಿ ಬಿದ್ದಳು, ಅಕ್ಕ ಬೀಸಿದಳು. ಗೋಲು!

ಪಂಚೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ ಮೈದಾನಕ್ಕೆ ಓಡಿದವರು ಅಪ್ಪಾಜಿ! ಜೇಬಿನಿಂದ ಪೇಪರಿನ ಪೊಟ್ಟಣ ಹೊರಗೆ ಬಂತು. ಸಕ್ಕರೆ. ಬೆಳಿಗ್ಗೆ ಯಾರಿಗೂ ಕಾಣದಂತೆ ಅಡಿಗೆಮನೆಯ ಡಬ್ಬಿಯಿಂದ ಕಟ್ಟಿಕೊಂಡು ಬಂದಿದ್ದರು. ನಮ್ಮಲ್ಲಿ ಒಳ್ಳೆಯದಾದ ಕೂಡಲೇ ಬಾಯಿ ಸಿಹಿ ಮಾಡಬೇಕು, ಆಮೇಲೆ ಅನ್ನುವಂತಿಲ್ಲ. ಅಕ್ಕನ ಬಾಯಿಗೆ ಒಂದು ಮುಷ್ಟಿ, ಉಳಿದವರಿಗೆ ಒಂದೊಂದು ಚಿಟಿಕೆ. ಗೋಲು ಕಾಯುವ ಶಿವಲೀಲಾ ತನ್ನ ಪಾಲಿಗಾಗಿ ದಪ್ಪ ಪ್ಯಾಡು ಕಟ್ಟಿದ ಕಾಲಲ್ಲೇ ಬಾತುಕೋಳಿಯಂತೆ ನಡೆದು ಬಂದು ಸಾಲಿನಲ್ಲಿ ನಿಂತಳು.

ಅದನ್ನು ಕಂಡವಳು ನಾನೊಬ್ಬಳೇ.

"ಅಪ್ಪಾಜೀ, ಗೋಲಲ್ಲಿ ಯಾರೂ ಇಲ್ಲ!"

"ನಿಂದು ಯಾವಾಗ್ಲೂ ಇದ್ದಿದ್ದೇ. ಬಾಯಿ ತೆಗಿ."

ಬಾಯಿ ತುಂಬ ಸಕ್ಕರೆ. ಆಮೇಲೆ ಕೂಗುವುದೆಲ್ಲಿಂದ? ಸೀಟಿ ಕೇಳಿಸಿತು. ಸೊರಬದ ಹುಡುಗಿಯರು ಒಮ್ಮೆ ನಮ್ಮ ಗುಂಪನ್ನು ನೋಡಿದರು, ಒಮ್ಮೆ ಖಾಲಿ ಗೋಲನ್ನು ನೋಡಿದರು, ಚೆಂಡನ್ನು ಆರಾಮವಾಗಿ ತಳ್ಳಿಕೊಂಡು ಹೋಗಿ ಒಳಗೆ ಹಾಕಿ ಬಂದರು. ಎರಡು–ಒಂದು. ಆಟ ಮುಗಿಯಿತು.

ಅಪ್ಪಾಜಿ ಸೀಟಿ ಊದಿದ ಸೊರಬದ ಮೇಷ್ಟ್ರ ಮೇಲೆ ಹರಿಹಾಯ್ದರು. "ಬಾಯಿ ಸಿಹಿ ಮಾಡೋ ಹೊತ್ನಾಗೆ ಯಾರಾದ್ರೂ ಸೀಟಿ ಊದ್ತಾರೇನ್ರೀ?"

"ನೀವು ಸಂತರ್ಪಣೆ ಮಾಡ್ತಾ ಕೂತ್ರೆ ನಾ ಎಂತ ಮಾಡ್ಲಿ ಮಾರಾಯ್ರೆ?"

ಅಪ್ಪಾಜಿ ನಕ್ಕು, ಉಳಿದ ಸಕ್ಕರೆಯನ್ನು ಆ ಮೇಷ್ಟ್ರ ಅಂಗೈಗೆ ಸುರಿದರು. ಅಕ್ಕ ಅಳುತ್ತಿದ್ದಳು. "ಸೋತ್ವಲ್ಲ ಅಪ್ಪಾಜಿ."

"ಗೋಲ್ ಹೊಡ್ದಿಲ್ಲೇನು? ಬರೋ ವರ್ಷ ಇನ್ನೆರಡು ಹೊಡಿ. ಸಕ್ಕರಿ ಆಟ ಮುಗಿದ ಮ್ಯಾಲೆ ಹಂಚ್ತೀನಿ, ಆತಾ?"

ಅಕ್ಕ ಅಳು ನಿಲ್ಲಿಸಿ ಅವರ ಮುಖ ನೋಡಿದಳು. ಬರೋ ವರ್ಷ! ವಾಪಸು ಬಸ್ಸಿನಲ್ಲಿ ಅವಳನ್ನು ಕಿಟಕಿ ಪಕ್ಕ ಕೂರಿಸಿ, ದಾರಿಯುದ್ದಕ್ಕೂ ಹತ್ತಿದವರಿಗೆಲ್ಲ ಅಪ್ಪಾಜಿ ಗೋಲಿನ ಕಥೆ ಹೇಳಿದರು. ಗೆದ್ದವರು ಯಾರೆಂದು ಒಬ್ಬರೂ ಕೇಳಲಿಲ್ಲ.

ಅಪ್ಪಾಜಿ ಈಗಿಲ್ಲ. ಮೊನ್ನೆ ಟೀವಿಯಲ್ಲಿ ನಮ್ಮ ದೇಶದ ಹಾಕಿ ತಂಡ ಗೋಲು ಹೊಡೆದಾಗ ನಾನು ಮೊದಲು ನೋಡಿದ್ದು ಗಡಿಯಾರವನ್ನು. ಮುಗಿಯಲಿ, ಆಮೇಲೆ ಖುಷಿಪಡೋಣ ಅಂತ ಕೂತೆ. ಕೊನೆಗಳಿಗೆಯಲ್ಲಿ ಸೋತರು. ಆ ಗೋಲಿಗೆ ಖುಷಿಪಡುವುದು ಹಾಗೆಯೇ ಉಳಿಯಿತು.